ಇಪ್ಪತ್ತೇಳನೆಯ ನಂಬರಿನ ಹುಲಿಪಟ್ಟೆ ಕಡಸು

ಕನೀಜ್ ಏನು ಕೆಲಸ ಮಾಡುತ್ತಾಳೆಂದು ಅವಳ ಗಂಡ ಅಕ್ಬರ್‌ಗೆ ಒಂದೇ ವಾಕ್ಯದಲ್ಲಿ ಹೇಳಲು ಬರುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಲ್ಯಾಬ್‌ನಲ್ಲಿದಾಳೆ" ಎನ್ನುತ್ತಿದ್ದ. ಕೇಳಿದವರು ರಕ್ತ ಪರೀಕ್ಷೆಯ ಲ್ಯಾಬ್ ಎಂದುಕೊಂಡರೆ ತಿದ್ದಲು ಹೋಗುತ್ತಿರಲಿಲ್ಲ. ನಿಜಕ್ಕೂ ಅದು ದನಗಳ ಲ್ಯಾಬ್. ಜಾರ್ಜಿಯಾ ಮತ್ತು ಎರಡೂ ಕ್ಯಾರೊಲಿನಾಗಳಲ್ಲಿ ಮಾಂಸಕ್ಕಾಗಿ ದನ ಸಾಕುವವರು, ಕರುವಿನ ಕಿವಿಯಂಚಿನಿಂದ ಹೆಸರುಕಾಳಿನಷ್ಟು ಚರ್ಮ ಚುಚ್ಚಿ ತೆಗೆದು, ಪುಟ್ಟ ಕೊಳವೆಯಲ್ಲಿಟ್ಟು ಅಲ್ಲಿಗೆ ಕಳಿಸುತ್ತಿದ್ದರು. ಲಾರೆನ್ಸ್‌ವಿಲ್ ಊರಾಚೆಯ ತಗಡು ಮಾಡಿನ ಕಟ್ಟಡದಲ್ಲಿ ಕೂತು ಕನೀಜ್ ಆ ಚೂರನ್ನು ಕರಗಿಸಿ ಡಿಎನ್‌ಎ ತೆಗೆಯುತ್ತಿದ್ದಳು. ಆಮೇಲಿನದನ್ನು ಯಂತ್ರ ನೋಡಿಕೊಳ್ಳುತ್ತಿತ್ತು. ಕೊನೆಗೆ ಒಂದು ಹಾಳೆ ಹೊರಗೆ ಬರುತ್ತಿತ್ತು: ಈ ಕರು ಎಷ್ಟು ಬೇಗ ತೂಕ ಹಾಕುತ್ತದೆ, ಮಾಂಸದಲ್ಲಿ ಕೊಬ್ಬು ಎಳೆಎಳೆಯಾಗಿ ಕೂರುತ್ತದೆಯೇ, ಬೇಯಿಸಿದರೆ ಮೆತ್ತಗಾಗುತ್ತದೆಯೇ. ಒಂದೊಂದಕ್ಕೂ ನೂರರಲ್ಲಿ ಇಷ್ಟು ಎಂಬ ಅಂಕ.

ಹನ್ನೊಂದು ವರ್ಷದಿಂದ ಅವಳು ಇದನ್ನು ಮಾಡುತ್ತಿದ್ದಳು. ಲಕ್ಷಾಂತರ ದನಗಳ ಕಿವಿ ಅವಳ ಕೈಯಲ್ಲಿ ಹಾದುಹೋಗಿದ್ದವು. ಪೂರ್ತಿ ದನವೊಂದನ್ನು ಹತ್ತಿರ ನಿಂತು ನೋಡಿದ್ದು ಪಿರಿಯಾಪಟ್ಟಣದಲ್ಲಿ, ಹುಡುಗಿಯಾಗಿದ್ದಾಗ.

ಅವಳ ತಂದೆ ಅಲ್ಲಿನ ಪಶು ಆಸ್ಪತ್ರೆಯಲ್ಲಿ ವೈದ್ಯರ ಕೈಕೆಳಗೆ ಸ್ಟಾಕ್‌ಮನ್ ಆಗಿದ್ದರು. ಸುತ್ತಲ ಹಳ್ಳಿಯವರು "ಸಾಬ್ರನ್ನ ಕರೀರಿ" ಎಂದರೆ ಬೇರೆ ಯಾವ ಸಾಬರೂ ಅಲ್ಲ, ಅವರೇ. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಬಿದ್ದಿದ್ದರೆ ಭುಜದವರೆಗೆ ಕೈ ಹಾಕಿ ತಿರುಗಿಸಿ ಎಳೆಯುತ್ತಿದ್ದರು. ಮನೆಯಲ್ಲಿ ಅವರೊಬ್ಬರು ದನದ ಮಾಂಸ ಮುಟ್ಟುತ್ತಿರಲಿಲ್ಲ. ಏಕೆಂದು ಕೇಳಿದರೆ, "ಬೆಳಿಗ್ಗೆ ಇದೇ ಕೈಲಿ ಎಳೆದು ಹಾಕಿದೀನಿ, ಸಾಯಂಕಾಲ ಇದೇ ಕೈಲಿ ತಿನ್ನು ಅಂದ್ರೆ ಹೆಂಗೆ" ಎನ್ನುತ್ತಿದ್ದರು, ಅಷ್ಟೆ. ಬೇರೆಯವರು ತಿಂದರೆ ಆಕ್ಷೇಪವಿರಲಿಲ್ಲ. ತಂದೆಯ ಜೊತೆ ಹಳ್ಳಿ ಹಳ್ಳಿ ಅಲೆದ ಕನೀಜಳಿಗೆ ಕನ್ನಡ ಉರ್ದುವಿಗಿಂತ ಸಲೀಸು. ಬೆಂಗಳೂರಿನ ಅಕ್ಬರ್‌ನನ್ನು ಮದುವೆಯಾಗಿ, ಅವನ ಕಂಪ್ಯೂಟರ್ ಕೆಲಸದ ಬೆನ್ನಿಗೆ ಅಮೆರಿಕಕ್ಕೆ ಬಂದು, ಇಬ್ಬರು ಮಕ್ಕಳಾದ ಮೇಲೂ ಗಂಡ ಹೆಂಡತಿಯ ಗುಟ್ಟುಗಳೆಲ್ಲ ಕನ್ನಡದಲ್ಲೇ ನಡೆಯುತ್ತಿದ್ದವು. ಮಕ್ಕಳಿಗೆ ಉರ್ದು ತಿಳಿಯುತ್ತಿತ್ತು, ಕನ್ನಡ ತಿಳಿಯುತ್ತಿರಲಿಲ್ಲ.

೨೦೨೩ರ ಏಪ್ರಿಲ್‌ನಲ್ಲಿ ಕಾತ್ಯಾಯಿನಿ ಆಂಟಿ ಫೋನ್ ಮಾಡಿದರು. ಕನ್ನಡ ಕೂಟದ ಊಟದ ಸಾಲುಗಳಲ್ಲಿ ನೋಡಿ ನಕ್ಕಷ್ಟೇ ಪರಿಚಯ. ಅವರ ಯಜಮಾನರು ಡಾಕ್ಟರ್ ಶಶಿಕಾಂತ್, ಎಪ್ಪತ್ತರ ದಶಕದಲ್ಲಿ ಬಂದ ಶ್ವಾಸಕೋಶದ ವೈದ್ಯರು, ಆ ಜನವರಿಯಲ್ಲಿ ತೀರಿಕೊಂಡಿದ್ದರು.

"ಕನೀಜ್, ನೀನು ದನದ ಲ್ಯಾಬ್‌ನಲ್ಲಿದೀಯಂತೆ. ನಂಗೊಂದು ಹೆಲ್ಪ್ ಆಗ್ಬೇಕಿತ್ತಮ್ಮ. ಮನೆ ಕಡೆ ಬರ್ತೀಯಾ?"

ಮುಂದಿನ ಶನಿವಾರ ಹೋದಳು. ಊಟದ ಮೇಜಿನ ತುಂಬ ಫೈಲುಗಳು. ಡಾಕ್ಟರರಿಗೆ ಸೌತ್ ಕ್ಯಾರೊಲಿನಾದ ಆ್ಯಂಡರ್ಸನ್ ಹತ್ತಿರ ಎಪ್ಪತ್ತು ಎಕರೆ ಹುಲ್ಲುಗಾವಲಿತ್ತು, ಅದರಲ್ಲಿ ಹತ್ತೊಂಬತ್ತು ಹಸು, ಹದಿನಾಲ್ಕು ಕರು. ನೋಡಿಕೊಳ್ಳುತ್ತಿದ್ದವನು ಪಕ್ಕದ ಜಮೀನಿನ ಕರ್ಟಿಸ್. ಡಾಕ್ಟರರು ಜಮಖಂಡಿಯವರು. ಶುರುವಿನಲ್ಲಿ ಅವರು ಕೊಂಡದ್ದೆಲ್ಲ ಇಲ್ಲಿ ಬ್ರಾಹ್ಮನ್ ಎಂದು ಕರೆಯುವ, ಹಿಣಿಲು ಎದ್ದ, ಕಿವಿ ಜೋತ, ಕುತ್ತಿಗೆಯಡಿ ಗಂಗೆದೊಗಲು ನೇತಾಡುವ ಹಸುಗಳನ್ನು. ನೂರು ವರ್ಷಕ್ಕೂ ಹಿಂದೆ ಇಂಡಿಯಾದಿಂದ ಬಂದ ತಳಿ, ಅದರಲ್ಲಿ ನಮ್ಮ ಕೃಷ್ಣಾ ತೀರದ ದನಗಳ ರಕ್ತವೂ ಇದೆ ಎಂದು ಹೇಳಿಕೊಳ್ಳುತ್ತಿದ್ದರಂತೆ. ಅವಕ್ಕೆ ಬೆಲೆ ಬರದಿದ್ದಾಗ, ಆಂಗಸ್ ಎಂಬ ಕರಿಯ ತಳಿಯ ಹೋರಿಗಳ ವೀರ್ಯ ತರಿಸಿ ಕೊಡಿಸತೊಡಗಿದರು.

"ಈಗ ನಾನು ರೆಸ್ಟನ್‌ಗೆ ಹೋಗ್ತಿದೀನಿ, ಮೇಧಾ ಮನೆಗೆ," ಎಂದರು ಕಾತ್ಯಾಯಿನಿ. ಮೇಧಾ ಅವರ ಮಗಳು. "ಜಮೀನು ಮಾರ್ತಾ ಇದೀವಿ. ಹಸುಗಳನ್ನ ಕರ್ಟಿಸ್ ತಗೋತಾನೆ. ಕರುಗಳನ್ನ ಹರಾಜಿಗೆ ಹಾಕ್ಬೇಕು. ಎಷ್ಟು ಬೆಲೆ ಬಾಳ್ತವೆ ಅಂದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನೀನು ಟೆಸ್ಟ್ ಮಾಡಿ ಹೇಳ್ಬಹುದಲ್ವಾ?"

"ಮಾಡ್ಬಹುದು ಆಂಟಿ."

ಕಾತ್ಯಾಯಿನಿ ಫೈಲೊಂದರ ಅಂಚನ್ನು ಸರಿಮಾಡಿದರು. "ಮಾರಿದ್ಮೇಲೆ ಅವು ಎಲ್ಲಿಗೆ ಹೋಗ್ತವೆ?"

ಈರುಳ್ಳಿ, ಬೆಳ್ಳುಳ್ಳಿಯೂ ಕೆಲವು ದಿನ ನಿಷಿದ್ಧವಾಗಿರುವ ಮನೆ ಅದು. "ಸಾಕೋವ್ರು ತಗೋತಾರೆ ಆಂಟಿ," ಎಂದಳು ಕನೀಜ್. ಅದು ಸುಳ್ಳಲ್ಲ. ಮೊದಲ ಆರು ತಿಂಗಳು ಯಾರೋ ಸಾಕುತ್ತಾರೆ.

"ಹೌದಾ," ಎಂದರು ಕಾತ್ಯಾಯಿನಿ. ಅವಳ ಮುಂದೆ ಮಜ್ಜಿಗೆಯ ಲೋಟ ಸರಿಸಿದರು.

ಅಂದು ಮನೆಯಲ್ಲಿ ಪಾತ್ರೆ ತೊಳೆಯುತ್ತ ಅಕ್ಬರ್‌ನನ್ನು ಕೇಳಿದಳು. "ಅವ್ರು ನನ್ನನ್ನೇ ಯಾಕೆ ಕರೆದ್ರು?"

"ಆ ಲ್ಯಾಬ್‌ನಲ್ಲಿ ಕೆಲ್ಸ ಮಾಡ್ತೀಯಲ್ಲ, ಅದಕ್ಕೆ."

"ಅಷ್ಟೇನಾ?"

"ಇನ್ನೇನು?"

ಇನ್ನೇನು ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಮಾಂಸದ ವಿಷಯ, ಸಾಬರಿಗೆ ಗೊತ್ತಿರುತ್ತದೆ ಎಂದು ಕರೆದರೇ? ಹಾಗೆ ಕರೆದಿದ್ದರೆ ಬೇಸರಪಡಬೇಕೇ? ಹಾಗಲ್ಲದೆ ಬರೀ ಲ್ಯಾಬಿನವಳೆಂದು ಕರೆದಿದ್ದರೆ, ಹೀಗೆ ಯೋಚಿಸಿದ ತನ್ನ ಮನಸ್ಸೇ ಸಣ್ಣದಲ್ಲವೇ? ಎತ್ತ ತಿರುಗಿಸಿದರೂ ಅದು ಸರಿಯಾಗಿ ಕೂರಲಿಲ್ಲ.

ಮೇ ತಿಂಗಳಲ್ಲಿ ಆ್ಯಂಡರ್ಸನ್‌ಗೆ ಡ್ರೈವ್ ಮಾಡಿಕೊಂಡು ಹೋಗಿ, ಕರ್ಟಿಸ್‌ನ ಜೊತೆ ನಿಂತು ಹದಿನಾಲ್ಕು ಕರುಗಳ ಕಿವಿಯಿಂದ ಚೂರು ತೆಗೆದಳು. ಕರ್ಟಿಸ್ ಅರವತ್ತು ದಾಟಿದ ಕರಿಯ ರೈತ, ತಾತನ ಕಾಲದಿಂದ ಅವನ ಮನೆಯವರು ಅಲ್ಲೇ ಇದ್ದವರು. ಮಾತು ಕಡಿಮೆ. ಕರುಗಳಲ್ಲಿ ಹನ್ನೆರಡು ನುಣ್ಣನೆಯ ಕಪ್ಪು, ಕೊಂಬಿಲ್ಲದವು. ಒಂದು ಬೂದು. ಇನ್ನೊಂದು ಹೆಣ್ಣು, ಕಿವಿಯ ಬಿಲ್ಲೆಯಲ್ಲಿ ೨೭ ಎಂದಿತ್ತು. ಕೆಂಪು ಮೈಮೇಲೆ ಮಸಿಯಲ್ಲಿ ಎಳೆದಂತೆ ಪಟ್ಟೆಗಳು, ಉದ್ದ ಕಿವಿ, ಭುಜದ ಮೇಲೆ ಮುಷ್ಟಿಯಷ್ಟು ಹಿಣಿಲು.

"ಇದೇಕೆ ಹೀಗೆ?" ಎಂದು ಕೇಳಿದಳು.

"ಇದರ ತಾಯಿ ಹಳೇ ಬ್ರಾಹ್ಮನ್, ಅದಕ್ಕೆ ಡಾಕ್ಟರ್ ಕೆಂಪು ಆಂಗಸ್‌ನ ವೀರ್ಯ ತರಿಸಿದರು," ಎಂದ ಕರ್ಟಿಸ್. "ಆಂಗಸ್‌ನಲ್ಲೇ ಕೆಂಪು ಬಣ್ಣದ್ದೂ ಇದೆ, ಮ್ಯಾಮ್. ರಕ್ತ ಅದೇ. ಬೇಡ ಅಂದೆ. ಕೇಳಲಿಲ್ಲ."

ಹತ್ತು ದಿನಕ್ಕೆ ಫಲಿತಾಂಶ ಬಂತು. ಕನೀಜ್ ಅದನ್ನು ಎರಡು ಸಲ ಓದಿದಳು, ಅದಲುಬದಲಾಗಿರಬೇಕೆಂದು ಉಳಿದ ಚೂರಿನಿಂದ ಇನ್ನೊಮ್ಮೆ ಪರೀಕ್ಷೆ ಮಾಡಿಸಿದಳು. ಬದಲಾಗಿರಲಿಲ್ಲ. ಹದಿನಾಲ್ಕರಲ್ಲಿ ೨೭ ಎಲ್ಲಕ್ಕಿಂತ ಮೇಲಿತ್ತು. ಕೊಬ್ಬಿನ ಎಳೆಯಲ್ಲಿ ನೂರಕ್ಕೆ ತೊಂಬತ್ತೊಂದು, ಮೆದುತನದಲ್ಲಿ ಎಂಬತ್ತೆಂಟು. ಕರ್ಟಿಸ್ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದ, ಕನ್ನಡಿಯ ಹಾಗೆ ಹೊಳೆಯುವ ಕರಿಯ ಹೆಣ್ಣುಕರು ೧೯ಕ್ಕೆ ಮೆದುತನದಲ್ಲಿ ಬಂದದ್ದು ಇಪ್ಪತ್ತಮೂರು.

ಅವಳು ಹಾಳೆಗಳನ್ನು ಪ್ಲಾಸ್ಟಿಕ್ ಲಕೋಟೆಗಳಲ್ಲಿ ಹಾಕಿ, ಒಂದೊಂದರ ಮೇಲೂ ನಂಬರು ಬರೆದು, ಹರಾಜಿನ ದಿನಕ್ಕೆ ಕಾದಳು. ತಾನು ಮಾಡಿದ ಕೆಲಸ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಮೊದಲ ಬಾರಿ ಕಣ್ಣಾರೆ ನೋಡುತ್ತೇನೆಂಬ ಸಡಗರವೂ ಇತ್ತು.

ಜೂನ್ ತಿಂಗಳ ಒಂದು ಸೋಮವಾರ ರಜೆ ಹಾಕಿ ಹೋದಳು. ಹರಾಜಿನ ಕಟ್ಟಡ ಆ್ಯಂಡರ್ಸನ್ ದಾಟಿ ಇಪ್ಪತ್ತು ನಿಮಿಷ. ಹೊರಗೆ ಟ್ರೇಲರುಗಳ ಸಾಲು, ಒಳಗೆ ಸಗಣಿ, ಹುರಿದ ಈರುಳ್ಳಿ, ಕಾಫಿ ಮೂರೂ ಕಲೆತ ವಾಸನೆ. ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳು, ಕೆಳಗೆ ಕಬ್ಬಿಣದ ಕಂಬಿ ಸುತ್ತಿದ ಸಣ್ಣ ಅಂಕಣ. ತಲೆವಸ್ತ್ರ ಹಾಕಿದ ಹೆಂಗಸು ಅವಳೊಬ್ಬಳೇ. ಜನ ಒಮ್ಮೆ ನೋಡಿದರು, ಆಮೇಲೆ ದನಗಳ ಕಡೆ ತಿರುಗಿದರು.

ಕರುಗಳ ಲೆಕ್ಕ ಬರೆದುಕೊಳ್ಳುತ್ತಿದ್ದ ಕಚೇರಿಯ ಹೆಂಗಸಿನ ಬಳಿ ಹೋಗಿ ಲಕೋಟೆಗಳನ್ನು ಕೊಟ್ಟಳು. ಇವನ್ನು ಹರಾಜು ಕೂಗುವವರು ಓದಬೇಕು ಎಂದಳು. ಆಕೆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ನಯವಾಗಿಯೇ ವಾಪಸು ಕೊಟ್ಟಳು. "ಇವತ್ತು ಒಂಬೈನೂರು ದನ ಇವೆ, ಡಿಯರ್. ಒಂದಕ್ಕೆ ಹತ್ತು ಸೆಕೆಂಡ್ ಸಿಗುತ್ತೆ."

ಕರ್ಟಿಸ್ ಪಕ್ಕದಲ್ಲಿ ಕೂತಳು. ಕೂಗುವವನ ಮಾತು ನೀರು ಸುರಿದಂತೆ ಓಡುತ್ತಿತ್ತು. ಅವಳಿಗೆ ಅದರಲ್ಲಿ ಒಂದು ಅಂಕಿಯೂ ಹಿಡಿಯಲಾಗಲಿಲ್ಲ. ಯಾರು ಕೊಳ್ಳುತ್ತಿದ್ದಾರೆಂದೂ ಕಾಣುತ್ತಿರಲಿಲ್ಲ. ಒಬ್ಬ ಕಿವಿ ಕೆರೆದುಕೊಂಡ, ಕರು ಮಾರಿಹೋಯಿತು. ಇನ್ನೊಬ್ಬ ಪೆನ್ಸಿಲ್ ಎತ್ತಿದ, ಮಾರಿಹೋಯಿತು. ಪಿರಿಯಾಪಟ್ಟಣದ ದನದ ಸಂತೆಯಲ್ಲೂ ಹೀಗೇ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದರು. ಅಲ್ಲಿ ಸುಳಿ ನೋಡುತ್ತಿದ್ದರು: ಬೆನ್ನ ಮೇಲೆ ಕೂದಲು ಸುತ್ತಿಕೊಂಡ ಜಾಗ ಸರಿಯಿಲ್ಲದಿದ್ದರೆ ಎಂಥ ಎತ್ತಿಗೂ ಅರ್ಧ ಬೆಲೆ. "ಸುಳಿ ನೇಗಿಲು ಎಳೆಯುತ್ತಾ?" ಎಂದು ಅವಳ ತಂದೆ ನಗುತ್ತಿದ್ದರು. ಓದಿದವರ ದೇಶದಲ್ಲಿ ಅಂಥದ್ದು ಇರುವುದಿಲ್ಲವೆಂದು ಅವಳು ನಂಬಿದ್ದಳು.

೧೯ ಬಂತು. ಕರಿಯ ಮೈ ದೀಪದಡಿಯಲ್ಲಿ ಮಿಂಚಿತು. ಪೌಂಡಿಗೆ ಎರಡು ಡಾಲರ್ ಇಪ್ಪತ್ತೆರಡು ಸೆಂಟ್. ಕರ್ಟಿಸ್ ತೃಪ್ತಿಯಿಂದ ತಲೆ ಆಡಿಸಿ, ತನ್ನ ಖರೀದಿ ನಂಬರಿನ ರಟ್ಟನ್ನು ಅವಳ ಕೈಗೆ ಕೊಟ್ಟು, "ಇದನ್ನು ಹಿಡಿದಿರಿ ಮ್ಯಾಮ್, ಈಗ ಬಂದೆ" ಎಂದು ಕೆಳಗಿಳಿದು ಹೋದ.

ಅವನು ಹೋದ ಎರಡನೆಯ ನಿಮಿಷಕ್ಕೆ ಕಂಬಿ ಬಾಗಿಲು ತೆರೆದು ೨೭ ಒಳಗೆ ಬಂತು. ಬೆಂಚಿನಲ್ಲಿ ಯಾರೋ ನಕ್ಕರು. ಗೋಡೆಯ ಮೇಲಿನ ಫಲಕದಲ್ಲಿ ಅಂಕಿ ಒಂದು ಡಾಲರ್ ಅರವತ್ತರಿಂದ ಶುರುವಾಯಿತು. ಅರವತ್ತೈದು. ಎಪ್ಪತ್ತು. ಅಲ್ಲಿಂದ ಮೇಲೇಳಲೇ ಇಲ್ಲ. ಹೆಣ್ಣು ಕರು ಅಂಕಣದಲ್ಲಿ ಒಂದು ಸುತ್ತು ಹಾಕಿ, ಅವಳು ಕೂತ ಕಡೆ ಮುಖ ಮಾಡಿ ನಿಂತಿತು.

ಕನೀಜ್ ಎದ್ದು ನಿಂತಳು. "ನಿಲ್ಸಿ, ಇದು ತಪ್ಪು" ಎಂದು ಕನ್ನಡದಲ್ಲೇ ಹೇಳಿದಳು, ಕೈ ಎತ್ತಿದಳು. ಕೈಯಲ್ಲಿ ರಟ್ಟಿತ್ತು. ಅಂಕಣದ ಬದಿ ನಿಂತಿದ್ದವನು ಅವಳತ್ತ ಬೆರಳು ಮಾಡಿ ಕೂಗಿದ, ಹರಾಜು ಕೂಗುವವನ ಸುತ್ತಿಗೆ ಮೇಜಿಗೆ ಬಿತ್ತು, ಬಾಗಿಲು ತೆರೆಯಿತು, ಕಡಸು ಹೊರಟುಹೋಯಿತು. ಮುಂದಿನ ಕರು ಆಗಲೇ ಒಳಗಿತ್ತು.

ಕರ್ಟಿಸ್ ಎರಡು ಕಾಫಿ ಹಿಡಿದು ವಾಪಸು ಬಂದವನು ಫಲಕ ನೋಡಿದ. ತನ್ನ ನಂಬರು ನೋಡಿದ. ಅವಳನ್ನು ನೋಡಿದ.

"ನಾವು ಅದನ್ನು ಕೊಂಡುಕೊಂಡೆವು, ಮ್ಯಾಮ್," ಎಂದ.

"ನಾನು ಬೇಡ ಅಂತ ಕೈ ಎತ್ತಿದ್ದು."

"ಇಲ್ಲಿ ಬೇಡ ಅನ್ನೋಕೆ ಕೈ ಕೆಳಗಿಡಬೇಕು," ಎಂದ ಕರ್ಟಿಸ್, ಕಾಫಿ ಕೊಟ್ಟ.

ಹೀಗೆ ಕಾತ್ಯಾಯಿನಿ ಆಂಟಿಯ ಕರುವನ್ನು ಮಾರಲು ಹೋದ ಕನೀಜ್, ಅದನ್ನು ಒಂಬೈನೂರು ಚಿಲ್ಲರೆ ಡಾಲರಿಗೆ ತಾನೇ ಕೊಂಡಳು. ನಿಜಕ್ಕೂ ನಿಲ್ಲಿಸಲೆಂದೇ ಕೈ ಎತ್ತಿದೆನೇ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ರಟ್ಟು ಬಲಗೈಯಲ್ಲಿತ್ತು. ಎಡಗೈ ಖಾಲಿಯಿತ್ತು.

ಹರಾಜು ಮುಗಿದ ಮೇಲೆ, ದಿನವಿಡೀ ಪೆನ್ಸಿಲ್ ಎತ್ತುತ್ತಿದ್ದ ದಲ್ಲಾಳಿಯನ್ನು ಹುಡುಕಿಕೊಂಡು ಹೋದಳು. ಡ್ವೇನ್ ಎಂದು ಅವನ ಹೆಸರು, ಕೆಂಪು ಮುಖ, ದಣಿದ ಕಣ್ಣು. ಹಾಳೆ ಅವನ ಮುಂದೆ ಹಿಡಿದಳು.

"ಇದರಲ್ಲಿ ತಪ್ಪು ಏನಿದೆ ಹೇಳಿ."

ಅವನು ಪೂರ್ತಿ ಓದಿದ. ಅವಳು ಎಣಿಸಿದಂತೆ ನಗಲಿಲ್ಲ. "ಏನೂ ತಪ್ಪಿಲ್ಲ. ಒಳ್ಳೆಯ ಕಡಸು."

"ಮತ್ತೆ ಯಾಕೆ ಕೊಳ್ಳಲಿಲ್ಲ?"

"ನಾನು ಕರು ಕೊಳ್ಳಲ್ಲ, ಮ್ಯಾಮ್. ಲಾರಿ ಕೊಳ್ತೀನಿ. ಎಂಬತ್ತು ಕರು, ಎಲ್ಲವೂ ಒಂದೇ ತಾಯಿ ಹೆತ್ತ ಹಾಗೆ ಕಾಣಬೇಕು. ಕ್ಯಾನ್ಸಸ್‌ನಲ್ಲಿ ಅವನ್ನು ಕೊಬ್ಬಿಸೋನು ನಿಮ್ಮ ಹಾಳೆ ನೋಡಲ್ಲ, ಚರ್ಮ ನೋಡ್ತಾನೆ. ಕಪ್ಪಗಿದ್ದರೆ ಒಳಗೆ ಆಂಗಸ್ ಇರಬಹುದು ಅಂತ ಲೆಕ್ಕ. ಆಂಗಸ್ ಹೆಸರಿನ ಮಾಂಸಕ್ಕೆ ಅಂಗಡಿಯಲ್ಲಿ ಹೆಚ್ಚು ಕೊಡ್ತಾರೆ, ಆ ಹೆಸರು ಬೇಕಾದರೆ ಚರ್ಮ ಕಪ್ಪಿರಬೇಕು. ಕಿವಿ ಜೋತು, ಹಿಣಿಲು ಇದ್ದರೆ ಮಾಂಸ ಗಟ್ಟಿ, ಚಳಿ ತಡೆಯಲ್ಲ ಅಂತ ಲೆಕ್ಕ. ನೂರಕ್ಕೆ ಎಂಬತ್ತು ಸಲ ನನ್ನ ಲೆಕ್ಕ ಸರಿ."

"ಇದು ಉಳಿದ ಇಪ್ಪತ್ತರಲ್ಲಿದೆ."

"ಇರಬಹುದು. ಹತ್ತು ಸೆಕೆಂಡಿನಲ್ಲಿ ನನಗೆ ಹೇಗೆ ಗೊತ್ತಾಗಬೇಕು?" ಹಾಳೆ ವಾಪಸು ಕೊಟ್ಟ. "ಇದೇ ಕಾಗದ ಬೀಜದ ಹೋರಿ ಮಾರುವ ಹರಾಜಿನಲ್ಲಿ ಹಿಡಿದು ನಿಂತರೆ ಜನ ಒಂದೊಂದು ಅಂಕಕ್ಕೂ ಸಾವಿರ ಸಾವಿರ ಸುರೀತಾರೆ. ಇದೇ ಹುಲಿಪಟ್ಟೆಯನ್ನು ಫ್ಲಾರಿಡಾಗೆ ಒಯ್ದರೆ, ಬಿಸಿಲು ತಡೆಯೋ ತಾಯಿಹಸು ಅಂತ ಈ ಕರಿಯ ಕರುವಿಗಿಂತ ಹೆಚ್ಚು ಕೊಟ್ಟಾರು. ಇಲ್ಲಿ ಮಾತ್ರ ಒಂದೂ ಎಪ್ಪತ್ತು."

ವಾಪಸು ಬರುವಾಗ ದಾರಿಯುದ್ದಕ್ಕೂ ಅವಳ ತಲೆ ಗಿರಗಿಟ್ಟಲೆಯಾಗಿತ್ತು. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ತನ್ನ ಹಾಳೆಯಲ್ಲೂ ಸುಳ್ಳಿರಲಿಲ್ಲ. ಎರಡೂ ನಿಜವಾದರೆ ಕಡಸಿನ ಬೆಲೆ ಎಂಬುದು ಎಲ್ಲಿತ್ತು? ಅದರ ರಕ್ತದಲ್ಲೋ, ಚರ್ಮದಲ್ಲೋ, ಕ್ಯಾನ್ಸಸ್‌ನಲ್ಲಿ ಕೂತ ಯಾರದೋ ಅನುಮಾನದಲ್ಲೋ? ಅದೇ ಮೈ, ಅದೇ ನೆತ್ತರು; ಒಂದು ಗೇಟಿನಲ್ಲಿ ಕುಂದು, ನಾನೂರು ಮೈಲಿ ಆಚೆಗೆ ಗುಣ. ಹಾಗಾದರೆ ಸುಳಿ ನೋಡುತ್ತಿದ್ದ ರೈತರೂ ಏನೋ ಒಂದು ಲೆಕ್ಕ ಇಟ್ಟುಕೊಂಡಿದ್ದರೇ, ತನ್ನ ಅಬ್ಬಾ ಸುಮ್ಮನೆ ನಕ್ಕರೇ? ಕೇಳೋಣವೆಂದರೆ ಅಬ್ಬಾ ತೀರಿಹೋಗಿ ಒಂಬತ್ತು ವರ್ಷ.

ಮನೆಯಲ್ಲಿ ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಝಿಕ್ರಾ, "ಅಮ್ಮಿ, ಯೂ ಬಾಟ್ ಎ ಕೌ? ಬೈ ಮಿಸ್ಟೇಕ್?" ಎಂದು ಮೂರು ಸಲ ಕೇಳಿದಳು. ಅಕ್ಬರ್ ಏನೂ ಕೇಳಲಿಲ್ಲ. ರಾತ್ರಿಯೂಟಕ್ಕೆ ಕೂತಾಗ, "ಎಲ್ಲಿಡ್ತೀಯ ಅದನ್ನ? ಗ್ಯಾರೇಜ್‌ನಲ್ಲಿ ಅಂತ ಮಾತ್ರ ಹೇಳ್ಬೇಡ" ಎಂದ.

"ಕರ್ಟಿಸ್ ಇಟ್ಕೋತಾರಂತೆ. ಮೇವಿನ ಖರ್ಚು ನಂದು, ಹುಟ್ಟೋ ಕರು ಅರ್ಧರ್ಧ."

"ಸರಿ. ನಂಗೆ ಒಂದೂ ಅರ್ಥ ಆಗ್ಲಿಲ್ಲ. ನಿಂಗೆ ಆಗಿದ್ರೆ ಸಾಕು."

"ನಂಗೂ ಆಗಿಲ್ಲ ರೀ," ಎಂದಳು.

ಕಾತ್ಯಾಯಿನಿ ಆಂಟಿಗೆ ಚೆಕ್ ಕೊಡಲು ಹೋಗುವ ಮುನ್ನ ಕಾರಿನಲ್ಲೇ ಹತ್ತು ನಿಮಿಷ ಕೂತಳು. ಹದಿಮೂರು ಕರು ಲಾರಿ ಹತ್ತಿದ್ದನ್ನು ಕಣ್ಣಾರೆ ನೋಡಿದ ಮೇಲೆ, ಅವತ್ತು ಹೇಳಿದ ಅರ್ಧ ನಿಜವನ್ನು ಹಾಗೇ ಬಿಡಲಾಗಲಿಲ್ಲ. ಒಳಗೆ ಅರ್ಧ ಮನೆ ಪೆಟ್ಟಿಗೆಗಳಲ್ಲಿತ್ತು. ಕುರ್ಚಿ ಇರಲಿಲ್ಲವೆಂದು ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ಆಂಟಿ, ನಾನು ನಿಮಗೆ ಪೂರ್ತಿ ಹೇಳಿರ್ಲಿಲ್ಲ. ಆ ಕರುಗಳನ್ನ ಆರು ತಿಂಗ್ಳು ಸಾಕ್ತಾರೆ. ಆಮೇಲೆ... ಅವು ಮಾಂಸಕ್ಕೆ ಹೋಗ್ತವೆ. ಎಲ್ಲವೂ. ಅಂಕಲ್ ಇದ್ದಾಗ್ಲೂ ಹಾಗೇ ಹೋಗ್ತಿದ್ದವು. ಆ ತಳಿ ಇರೋದೇ ಅದಕ್ಕೆ."

ಕಾತ್ಯಾಯಿನಿ ಚೆಕ್ಕನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡರು. "ಗೊತ್ತಮ್ಮ ನಂಗೆ."

"ಗೊತ್ತಾ?"

"ಹದಿನೆಂಟು ವರ್ಷದಿಂದ ಗೊತ್ತು. ಅವರ ಟ್ಯಾಕ್ಸ್ ಪೇಪರ್ಸ್ ಎಲ್ಲಾ ನಾನೇ ಟೈಪ್ ಮಾಡ್ತಿದ್ದಿದ್ದು. 'ಬೀಫ್ ಕ್ಯಾಟಲ್' ಅಂತ ಅದ್ರಲ್ಲೇ ಬರೆದಿರುತ್ತೆ." ಪಕ್ಕದ ಪೆಟ್ಟಿಗೆಯ ಮುಚ್ಚಳ ಒತ್ತಿ ಕೂರಿಸಿದರು. "ಪ್ರತಿ ವರ್ಷ ಲಾರಿ ಹೋದ್ಮೇಲೆ ನಾನು ಕೇಳ್ತಿದ್ದೆ, ಎಲ್ಲಿಗೆ ಹೋದ್ವು ಅಂತ. ಸಾಕೋವ್ರು ತಗೊಂಡ್ರು ಕಣೇ ಅಂತಿದ್ರು. ನಾನು ಹೌದಾ ಅಂತಿದ್ದೆ. ಅದು ನಮ್ಮಿಬ್ರ ಮಾತು. ನೀನೂ ಅದನ್ನೇ ಹೇಳ್ದಾಗ, ಅವರೇ ಹೇಳ್ದ ಹಾಗಾಯ್ತು."

ಸುಳ್ಳು ಹೇಳಿದೆನೆಂದು ಕನೀಜ್ ಎರಡು ತಿಂಗಳು ಸಂಕಟಪಟ್ಟಿದ್ದಳು. ಈಗ ನಿಜ ಹೇಳಿ ಯಾವುದನ್ನೋ ಕೆಡಿಸಿದೆನೇನೋ ಎನಿಸಿತು. ಹಾಗಾದರೆ ಹೇಳದೆ ಇರಬೇಕಿತ್ತೇ? ಕಾತ್ಯಾಯಿನಿಯ ಮುಖದಲ್ಲಿ ಕೋಪವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ.

ಇಷ್ಟಾದ ಮೇಲೆ ಅದನ್ನೂ ಕೇಳಿಬಿಡೋಣವೆಂದು ಕೇಳಿದಳು. "ಆಂಟಿ, ನೀವು ನನ್ನನ್ನೇ ಯಾಕೆ ಕರೆದ್ರಿ?"

"ಅಂದ್ರೆ?"

"ಏನಿಲ್ಲ, ಸುಮ್ನೆ."

ಕಾತ್ಯಾಯಿನಿ ಅವಳನ್ನು ನೋಡಿದರು. "ಒಂದು ಯುಗಾದಿ ಊಟದಲ್ಲಿ ನಿಮ್ಮ ತಂದೆ ಕರು ಎಳೀತಿದ್ದಿದ್ದು ಹೇಳಿದ್ಯಂತೆ ಇವರ ಹತ್ರ. ಮನೆಗೆ ಬಂದು ಇಡೀ ದಿನ ಅದೇ ಮಾತು. ಹಾಸ್ಪಿಟಲ್‌ನಲ್ಲಿದ್ದಾಗಲೂ, ಏನಾದ್ರೂ ಆದ್ರೆ ಆ ಸ್ಟಾಕ್‌ಮನ್ ಮಗಳನ್ನ ಕರಿ ಅಂತ ಹೇಳಿದ್ರು." ಆಮೇಲೆ ಮೆಲ್ಲನೆ ಸೇರಿಸಿದರು, "ಇನ್ನೊಂದೂ ಇತ್ತು. ನಮ್ಮವರನ್ನ ಯಾರನ್ನಾದ್ರೂ ಕರೆದಿದ್ರೆ, ಡಾಕ್ಟ್ರು ಇಂಥ ದನ ಸಾಕ್ತಿದ್ರಾ ಅಂತ ಊರೆಲ್ಲಾ ಮಾತಾಗೋದು. ನೀನು ಹಾಗೆ ಕೇಳಲ್ಲ ಅನ್ನಿಸ್ತು. ತಪ್ಪು ತಿಳ್ಕೋಬೇಡ."

ತಪ್ಪು ತಿಳಿಯುವುದೋ ಸರಿ ತಿಳಿಯುವುದೋ ಕನೀಜಳಿಗೆ ಗೊತ್ತಾಗಲಿಲ್ಲ. ಡಾಕ್ಟರ್ ಅಂಕಲ್ ಜೊತೆ ಯಾವ ಯುಗಾದಿಯಲ್ಲಿ ಮಾತಾಡಿದ್ದೆಂದು ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ. ೨೭ನ್ನು ತಾನೇ ಕೊಂಡ ಕತೆ ಹೇಳಿದಾಗ ಮಾತ್ರ ಕಾತ್ಯಾಯಿನಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ನೀರು ನಗುವಿನದೊಂದೇ ಆಗಿರಲಿಲ್ಲ.

ಮುಂದಿನ ಎರಡು ವರ್ಷ ಕನೀಜ್ ತಿಂಗಳಿಗೊಮ್ಮೆ ಆ್ಯಂಡರ್ಸನ್‌ಗೆ ಹೋಗಿಬಂದಳು. ಏಕೆ ಹೋಗುತ್ತೀಯೆಂದು ಕೇಳಿದರೆ ಮೇವಿನ ದುಡ್ಡು ಕೊಡಲು ಎನ್ನುತ್ತಿದ್ದಳು. ಅದನ್ನು ಫೋನಿನಲ್ಲೇ ಕಳಿಸಬಹುದಿತ್ತು. ಕಡಸು ಬೆಳೆದು ಎತ್ತರದ ಹಸುವಾಯಿತು. ಜುಲೈ ಬಿಸಿಲಿಗೆ ಕರಿಯ ದನಗಳೆಲ್ಲ ಕೆರೆಯಲ್ಲಿ ಹೊಟ್ಟೆ ಮುಳುಗಿಸಿ ನಿಂತರೆ, ಇದೊಂದು ಬಯಲಲ್ಲಿ ಮೇಯುತ್ತಿತ್ತು. ಕರ್ಟಿಸ್ ಅದಕ್ಕೆ ಕರಿಯ ಆಂಗಸ್ ಹೋರಿ ಕೊಡಿಸಿದ. ೨೦೨೪ರ ಡಿಸೆಂಬರ್‌ನಲ್ಲಿ ಯಾರ ಸಹಾಯವೂ ಇಲ್ಲದೆ ಅದು ಗಂಡು ಕರು ಹಾಕಿತು. ಕರು ಇದ್ದಿಲಿನಂತೆ ಕಪ್ಪು. ಒಂದು ಪಟ್ಟೆಯಿಲ್ಲ, ಹಿಣಿಲಿಲ್ಲ, ಕಿವಿ ಗಿಡ್ಡ. ಕಪ್ಪು ಬಣ್ಣದ ಗುಣ ಉಳಿದ ಬಣ್ಣಗಳನ್ನು ಮುಚ್ಚಿಬಿಡುತ್ತದೆಂದು ಕನೀಜಳಿಗೆ ಪುಸ್ತಕದಿಂದ ಗೊತ್ತಿತ್ತು. ಆದರೂ ಅಷ್ಟು ದೊಡ್ಡ ಹುಲಿಪಟ್ಟೆಯ ಹೊಟ್ಟೆಯಿಂದ ಅಷ್ಟು ಕರಿಯ ಕರು ಬಂದದ್ದನ್ನು ನೋಡಿ, ಬೇರೆ ಯಾವುದೋ ಹಸುವಿನದಿರಬೇಕೆಂದು ಕಿವಿಯ ಚೂರು ತಂದು ಪರೀಕ್ಷಿಸಿದಳು. ಮಗ ತಾಯಿಯದೇ. ಮೆದುತನ, ಕೊಬ್ಬಿನ ಎಳೆ, ಎಲ್ಲ ಅಂಕವೂ ಹೆಚ್ಚುಕಡಿಮೆ ತಾಯಿಯದೇ.

೨೦೨೫ರ ಆಗಸ್ಟ್‌ನಲ್ಲಿ ಅದೇ ಹರಾಜಿಗೆ ಅದನ್ನು ಒಯ್ದರು. ದೇಶದಲ್ಲೆಲ್ಲ ದನ ಕಡಿಮೆಯಾಗಿ ಬೆಲೆ ಆಕಾಶಕ್ಕೇರಿದ್ದ ಕಾಲ. ಕನೀಜ್ ಈ ಸಲ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು. ಎಂಟು ಸೆಕೆಂಡು. ಪೌಂಡಿಗೆ ನಾಲ್ಕು ಡಾಲರಿಗೆ ಐದು ಸೆಂಟು ಕಡಿಮೆ. ಆ ತೂಕದ ಕರುಗಳಲ್ಲಿ ಅಂದಿನ ಅತಿ ಹೆಚ್ಚು ಬೆಲೆ. ಕೊಂಡವನು ಡ್ವೇನ್.

ಹೊರಗೆ ಸಿಕ್ಕಾಗ ಅವನೇ ಮಾತಾಡಿಸಿದ. "ಇಂಥದ್ದು ಬೇಕು ನೋಡಿ. ಇನ್ನೂ ಇದ್ದರೆ ತನ್ನಿ."

"ಇದರ ತಾಯಿ ಆ ಹುಲಿಪಟ್ಟೆ," ಎಂದಳು ಕನೀಜ್. "ನೀವು ಬೇಡ ಅಂದದ್ದು."

ಅವನು ಯೋಚಿಸಿದ. "ಬೇಡ ಅನ್ನಲಿಲ್ಲ. ಒಂದೂ ಎಪ್ಪತ್ತು ಅಂದೆ. ನೋಡಿ, ಕಪ್ಪಾದ ಮೇಲೆ ಎಷ್ಟು ಬಂತು. ನಾನು ಹೇಳಿದ್ದೇ ಸರಿಯಾಯ್ತಲ್ಲ."

"ಹಾಳೆ ಹೇಳಿದ್ದೂ ಸರಿಯಾಯ್ತು," ಎಂದ ಕರ್ಟಿಸ್, ತನಗೇ ಹೇಳಿಕೊಂಡಂತೆ.

ಗೆದ್ದವರು ಯಾರೆಂದು ಕನೀಜ್ ಇಬ್ಬರ ಮುಖವನ್ನೂ ನೋಡಿದಳು. ಇಬ್ಬರೂ ತಾವೇ ಎಂಬಂತೆ ನಿಂತಿದ್ದರು. ಅವಳಿಗೆ ತಾನು ಸೋತಂತೆ ಅನಿಸಲಿಲ್ಲ, ಗೆದ್ದಂತೆಯೂ ಅನಿಸಲಿಲ್ಲ. ಕರಿಯ ಕರು ಲಾರಿ ಹತ್ತುವುದನ್ನು ನೋಡಬಾರದೆಂದು ಕಾರಿನ ಕಡೆ ತಿರುಗಿದಳು. ಆಮೇಲೆ ಹಿಂದಿರುಗಿ ನೋಡಿಯೇ ಹೋದಳು.

ನವೆಂಬರಿನಲ್ಲಿ ಕರ್ಟಿಸ್ ವೀರ್ಯದ ಪಟ್ಟಿ ಹಿಡಿದು ಬಂದ. ಹಸು ಮತ್ತೆ ಬೆದೆಗೆ ಬಂದಿತ್ತು. ಕೆಂಪು ಹೋರಿ ಒಂದರ ಅಂಕಗಳು ಅದಕ್ಕೆ ಹೇಳಿಮಾಡಿಸಿದಂತಿದ್ದವು. ಕರಿಯ ಹೋರಿಯ ಅಂಕ ಸಾಧಾರಣ. ಅವಳಿಗಿಂತ ಚೆನ್ನಾಗಿ ಅದನ್ನು ಓದಬಲ್ಲವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ. ಬೇಲಿಗೆ ಒರಗಿ ಬಹಳ ಹೊತ್ತು ಪಟ್ಟಿ ನೋಡಿದಳು.

"ಕಪ್ಪು," ಎಂದಳು ಕೊನೆಗೆ.

ಕರ್ಟಿಸ್ ಬರೆದುಕೊಂಡ. "ಹೆಣ್ಣಾದರೂ ಮಾರೋಣ ತಾನೇ?"

"ಹೆಣ್ಣಾದರೆ ಮಾರೋದು ಬೇಡ."

"ಯಾಕೆ ಮ್ಯಾಮ್?"

ಕನೀಜ್ ಬಯಲಲ್ಲಿ ಮೇಯುತ್ತಿದ್ದ ಹುಲಿಪಟ್ಟೆಯ ಕಡೆ ನೋಡಿದಳು. ಕಾರಣ ಇ‌ತ್ತು, ಒಂದಲ್ಲ, ನಾಲ್ಕಾರು ಇದ್ದವು, ಆದರೆ ಒಂದರ ಜೊತೆ ಒಂದು ಹೊಂದುತ್ತಿರಲಿಲ್ಲ. ಕರ್ಟಿಸ್ ಪೆನ್ಸಿಲ್ ಜೇಬಿಗೆ ಹಾಕಿ, ಗೇಟು ಹಾಕಲು ಹೋದ.